ಬ್ರಿಟನ್ನಿನಲ್ಲಿ ಬಾಡಿಗೆಗೆ ಸರ್ಕಾರದ ಸಹಾಯ: ಮೊದಲು ರೇಟು ನೋಡಿ, ಆಮೇಲೆ ಮನೆ

“ಅಕ್ಕಾ, ಕೆಲಸ ಹೋದರೆ ಇಲ್ಲಿ ಸರ್ಕಾರವೇ ಬಾಡಿಗೆ ಕಟ್ಟುತ್ತಂತೆ, ಹೌದಾ?”

ಈ ಪ್ರಶ್ನೆ ನನಗೆ ಯುಗಾದಿ ಊಟದ ಪಂಕ್ತಿಯಲ್ಲೂ ಬಂದಿದೆ, ಅಪರಾತ್ರಿಯಲ್ಲಿ ವಾಟ್ಸಾಪಿನಲ್ಲೂ ಬಂದಿದೆ. ಉತ್ತರ ಚಿಕ್ಕದು. ಕಟ್ಟುತ್ತದೆ, ಒಂದು ಮಿತಿಯವರೆಗೆ. ನಿಮ್ಮ ಏರಿಯಾಕ್ಕೆ ಎಷ್ಟು, ನಿಮ್ಮ ಮನೆಯಲ್ಲಿರುವ ತಲೆಗಳಿಗೆ ಎಷ್ಟು ಅಂತ ಸರ್ಕಾರ ಮೊದಲೇ ಒಂದು ರೇಟು ಬರೆದಿಟ್ಟಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆಯ ಅಳತೆ ಮುಂಚೆಯೇ ಗೊತ್ತಾಗುತ್ತದೆ. ಆದರೂ ನಮ್ಮವರು ಅದನ್ನು ನೋಡದೆ ಮನೆ ಹಿಡಿಯುತ್ತಾರೆ. ಆಮೇಲೆ ಪ್ರತಿ ತಿಂಗಳೂ ಬಾಡಿಗೆ ಕಮ್ಮಿ ಬೀಳುತ್ತದೆ.

ನಾನು ತಿಪಟೂರು ಕಡೆಯವಳು. ಪೂರ್ವ ಲಂಡನ್ನಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ಬಹಳ ವರ್ಷ ಹೌಸಿಂಗ್ ಬೆನಿಫಿಟ್ (ಕೌನ್ಸಿಲ್ ಕೊಡುವ ಬಾಡಿಗೆ ನೆರವು) ಅರ್ಜಿ ನೋಡುವ ಕೆಲಸ ಮಾಡಿದೆ. ಈಗ ರಿಟೈರ್ ಆಗಿದ್ದೇನೆ. ಕೇಳಿದವರಿಗೆ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುತ್ತೇನೆ. ಅರ್ಜಿ ಹಾಕಲು ನಾಚಿಕೊಳ್ಳುವವರಿಗೆ ಒಂದೇ ಮಾತು ಹೇಳುತ್ತೇನೆ: ಇಷ್ಟು ವರ್ಷ ಟ್ಯಾಕ್ಸ್ ಕಟ್ಟಿಲ್ವಾ? ಕೆಲಸದಲ್ಲಿದ್ದು ಸಂಬಳ ಕಮ್ಮಿ ಇರುವವರಿಗೂ ಇದು ಸಿಗುತ್ತದೆ. ಪೂರ್ತಿ ನಿರುದ್ಯೋಗಿ ಆಗಿರಬೇಕಿಲ್ಲ.

ವೀಸಾ ನೋಡದೆ ಅರ್ಜಿ ಮುಟ್ಟಬೇಡಿ

ಸ್ಟೂಡೆಂಟ್ ವೀಸಾ, ಸ್ಕಿಲ್ಡ್ ವರ್ಕರ್ ವೀಸಾ, ಅವರ ಡಿಪೆಂಡೆಂಟ್ ವೀಸಾಗಳಲ್ಲಿ ಸಾಮಾನ್ಯವಾಗಿ “ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್” ಅಂತ ಇರುತ್ತದೆ. ಅಂದರೆ ಯೂನಿವರ್ಸಲ್ ಕ್ರೆಡಿಟ್ (ಕೆಲಸ ಇಲ್ಲದವರಿಗೆ, ಸಂಬಳ ಕಮ್ಮಿ ಇರುವವರಿಗೆ ಸರ್ಕಾರ ಕೊಡುವ ತಿಂಗಳ ನೆರವು), ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ (ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆಯಲ್ಲಿ ಕಡಿತ) ಯಾವುದನ್ನೂ ಕೇಳುವಂತಿಲ್ಲ. ಕೇಳಿದರೆ ಮುಂದೆ ವೀಸಾಗೇ ತೊಂದರೆ. ಈಗ ಕಾರ್ಡಿನ ಬದಲು ಇ-ವೀಸಾ ಇದೆಯಲ್ಲ, ಆ ಖಾತೆಗೆ ಲಾಗಿನ್ ಆಗಿ ಷರತ್ತು ಓದಿಕೊಳ್ಳಿ.

ಐಎಲ್‌ಆರ್ (ಇಲ್ಲೇ ಕಾಯಂ ಇರಲು ಅನುಮತಿ) ಆದವರು, ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಕೇಳಬಹುದು. ಆದರೆ ಅವರಿಗೂ ಎರಡು ತೊಡಕಿವೆ. ಒಂದು, ಊರಲ್ಲಿ ಬಹಳ ಕಾಲ ಇದ್ದು ಈಗ ತಾನೇ ಮರಳಿದ್ದರೆ “ಹ್ಯಾಬಿಚುಯಲ್ ರೆಸಿಡೆನ್ಸ್ ಟೆಸ್ಟ್” ಮಾಡುತ್ತಾರೆ. ಇಲ್ಲೇ ನೆಲೆ ನಿಂತಿದ್ದೀರಿ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಎರಡು, ಅಪ್ಪ ಅಮ್ಮನನ್ನು “ಇವರ ಖರ್ಚು ನಾವೇ ನೋಡಿಕೊಳ್ಳುತ್ತೇವೆ” ಅಂತ ಬರೆದುಕೊಟ್ಟು ಕರೆಸಿಕೊಂಡಿದ್ದರೆ, ಐದು ವರ್ಷ ಅವರ ಹೆಸರಲ್ಲಿ ಇವನ್ನು ಕೇಳುವಂತಿಲ್ಲ.

ಗಂಡನಿಗೆ ಐಎಲ್‌ಆರ್ ಇದೆ, ಹೆಂಡತಿಗಿಲ್ಲ ಎಂಬಂಥ ಮನೆಗಳವರು ಅರ್ಜಿಗೆ ಮೊದಲು ಇಮಿಗ್ರೇಷನ್ ಗೊತ್ತಿರುವ ಸಲಹೆಗಾರರ ಹತ್ತಿರ ಹೋಗಿ. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ. ಗಂಡನ ವೀಸಾದ ಮೇಲೆ ಬಂದು, ಅವನ ಹಿಂಸೆಯಿಂದ ಮನೆ ಬಿಟ್ಟಿದ್ದರೆ “ಮೈಗ್ರಂಟ್ ವಿಕ್ಟಿಮ್ಸ್ ಆಫ್ ಡೊಮೆಸ್ಟಿಕ್ ಅಬ್ಯೂಸ್ ಕನ್ಸೆಷನ್” ಅಂತ ಒಂದಿದೆ. ಅದರಲ್ಲಿ ಮೂರು ತಿಂಗಳು ಈ ನೆರವನ್ನೆಲ್ಲ ಕೇಳಲು ಅನುಮತಿ ಸಿಗುತ್ತದೆ. ಕೆಲಸದ ವೀಸಾ, ಸ್ಟೂಡೆಂಟ್ ವೀಸಾದವರ ಹೆಂಡತಿಯರಿಗೂ 2024ರಿಂದ ಇದು ಅನ್ವಯಿಸುತ್ತದೆ. ಆದರೆ ಇದನ್ನು ತೆಗೆದುಕೊಂಡರೆ ಈಗಿನ ವೀಸಾ ಬದಲಾಗುತ್ತದೆ. ಆದ್ದರಿಂದ ಲಾಯರನ್ನು ಕೇಳಿಯೇ ಮುಂದುವರಿಯಿರಿ.

ಯಾರನ್ನು ಕೇಳಬೇಕು?

ಪೆನ್ಷನ್ ವಯಸ್ಸಿಗಿಂತ ಕೆಳಗಿನವರು ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಬೇಕು. ಬಾಡಿಗೆಯ ಭಾಗ ಅದರೊಳಗೇ ಸೇರಿರುತ್ತದೆ, ಆನ್‌ಲೈನ್ ಅರ್ಜಿ. ಪೆನ್ಷನ್ ವಯಸ್ಸು ದಾಟಿದವರು ಕೌನ್ಸಿಲ್‌ನಲ್ಲಿ ಹೌಸಿಂಗ್ ಬೆನಿಫಿಟ್ ಕೇಳಬೇಕು. ಆ ವಯಸ್ಸು 66 ಇತ್ತು. 2026ರ ಏಪ್ರಿಲ್‌ನಿಂದ ಮೆಲ್ಲಗೆ 67ರ ಕಡೆ ಏರುತ್ತಿದೆ. ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಆ ವಯಸ್ಸು ದಾಟಿದ್ದರೆ? 2019ರ ಮೇ ತಿಂಗಳಿಂದ ಅಂಥ ಜೋಡಿಯ ಹೊಸ ಅರ್ಜಿ ಯೂನಿವರ್ಸಲ್ ಕ್ರೆಡಿಟ್‌ಗೇ ಹೋಗಬೇಕು. ಹೋಮ್‌ಲೆಸ್ ಆದವರನ್ನು ಕೌನ್ಸಿಲ್ ಇಟ್ಟಿರುವ ತಾತ್ಕಾಲಿಕ ಮನೆಯಲ್ಲಿದ್ದರೆ, ವಯಸ್ಸು ಎಷ್ಟೇ ಇರಲಿ, ಆ ಬಾಡಿಗೆಗೆ ಹೌಸಿಂಗ್ ಬೆನಿಫಿಟ್.

ಹಿರಿಯರಿಗೆ ಒಂದು ಸೂಚನೆ. ಮೊದಲು ಪೆನ್ಷನ್ ಕ್ರೆಡಿಟ್ (ಆದಾಯ ಕಮ್ಮಿ ಇರುವ ಹಿರಿಯರ ನೆರವು) ಸಿಗುತ್ತದಾ ನೋಡಿ. ಅದರ ಗ್ಯಾರಂಟಿ ಭಾಗ ಒಂದೆರಡು ಪೌಂಡ್ ಬಂದರೂ ಸಾಕು, ಹೌಸಿಂಗ್ ಬೆನಿಫಿಟ್ ಲೆಕ್ಕದಲ್ಲಿ ನಿಮ್ಮ ಆದಾಯ, ಉಳಿತಾಯ ಎರಡನ್ನೂ ಬಿಟ್ಟುಬಿಡುತ್ತಾರೆ. ಅರ್ಜಿ ತಡವಾಗಿದ್ದರೆ ಮೂರು ತಿಂಗಳ ಹಿಂದಿನದೂ ಸಿಗಬಹುದು.

ರೇಟು ಹೇಗೆ ನೋಡುವುದು

ಪ್ರೈವೇಟ್ ಮನೆಯ ಬಾಡಿಗೆಗೆ ಇರುವ ಮಿತಿಯ ಹೆಸರು ಲೋಕಲ್ ಹೌಸಿಂಗ್ ಅಲೋವೆನ್ಸ್, ಎಲ್‌ಎಚ್‌ಎ. ಗವ್ ಡಾಟ್ ಯುಕೆಯಲ್ಲಿ ಇಂಗ್ಲೆಂಡಿನವರು ಪೋಸ್ಟ್‌ಕೋಡ್ ಹಾಕಿದರೆ ಅದು ಯಾವ ಬಾಡಿಗೆ ಪ್ರದೇಶಕ್ಕೆ ಸೇರಿದೆ, ಎಷ್ಟು ಬೆಡ್‌ರೂಮಿಗೆ ಎಷ್ಟು ರೇಟು ಅಂತ ಬರುತ್ತದೆ. ಪಕ್ಕಪಕ್ಕದ ಎರಡು ಪೋಸ್ಟ್‌ಕೋಡ್ ಬೇರೆ ಬೇರೆ ಪ್ರದೇಶದಲ್ಲಿರಬಹುದು. ಹಾಗಾಗಿ ಮನೆ ಹುಡುಕುವಾಗ ಪ್ರತಿ ಮನೆಯ ಪೋಸ್ಟ್‌ಕೋಡನ್ನೂ ಹಾಕಿ ನೋಡಿ.

ಆ ಪ್ರದೇಶದ ಬಾಡಿಗೆಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದರೆ, ನೂರಕ್ಕೆ ಮೂವತ್ತನೆಯದು ಎಲ್ಲಿ ನಿಲ್ಲುತ್ತದೋ ಆ ಮಟ್ಟಕ್ಕೆ ರೇಟು ಇರಬೇಕೆಂಬುದು ಲೆಕ್ಕ. 2011ಕ್ಕೆ ಮುಂಚೆ ಅದು ನಡುಮಧ್ಯಕ್ಕಿತ್ತು. ಸಾಲದ್ದಕ್ಕೆ ವರ್ಷಾನುಗಟ್ಟಲೆ ಏರಿಸದೆ ಬಿಡುತ್ತಾರೆ. 2024ರ ಏಪ್ರಿಲ್‌ನಲ್ಲಿ ಏರಿಸಿದರು, ಅದಾದ ಮೇಲೆ ಅಲ್ಲೇ ನಿಂತಿದೆ. ಬಾಡಿಗೆ ಮಾತ್ರ ನಿಂತಿಲ್ಲ.

ನಿಮಗೆ ಎಷ್ಟು ಬೆಡ್‌ರೂಮ್ ಅನ್ನುವುದನ್ನು ಅವರೇ ಎಣಿಸುತ್ತಾರೆ. ಅರ್ಜಿದಾರರಿಗೆ, ಜೋಡಿಯಾದರೆ ಇಬ್ಬರಿಗೂ ಸೇರಿ, ಒಂದು. 16 ತುಂಬಿದ ಬೇರೆ ಪ್ರತಿಯೊಬ್ಬರಿಗೂ ಒಂದೊಂದು. 16ರೊಳಗಿನ ಇಬ್ಬರು ಹುಡುಗಿಯರಿಗೆ ಅಥವಾ ಇಬ್ಬರು ಹುಡುಗರಿಗೆ ಸೇರಿ ಒಂದು. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಾದರೆ, ಹುಡುಗ ಹುಡುಗಿಯಾದರೂ ಒಂದೇ. ಎಷ್ಟೇ ಜನರಿರಲಿ ಪ್ರೈವೇಟ್ ಮನೆಗೆ ನಾಲ್ಕು ಬೆಡ್‌ರೂಮಿನ ರೇಟೇ ಕೊನೆ. 9 ವರ್ಷದ ಮಗಳು, 6 ವರ್ಷದ ಮಗ ಇರುವ ಒಬ್ಬ ತಾಯಿಗೆ ಎರಡು ಬೆಡ್‌ರೂಮ್ ರೇಟು. ಮಗಳಿಗೆ ಹತ್ತು ತುಂಬಿದರೆ ಮೂರು ಬೆಡ್‌ರೂಮಿನ ರೇಟು. ಹುಟ್ಟಿದ ತಾರೀಕು ಅವರ ಬಳಿ ಇರುತ್ತದೆ, ನಿಜ. ಆದರೂ ಆ ತಿಂಗಳ ಲೆಕ್ಕ ಬದಲಾಗಿದೆಯಾ ಅಂತ ನೀವೂ ನೋಡಬೇಕು.

35ರೊಳಗಿನ ಒಂಟಿಯವರಿಗೆ ಇರುವುದು ಇನ್ನೂ ಬಿಗಿ. ಪ್ರೈವೇಟ್ ಮನೆಯಲ್ಲಿದ್ದರೆ ಅವರಿಗೆ ಹಂಚಿಕೊಂಡ ಮನೆಯ ಒಂದು ರೂಮಿನ ರೇಟು ಮಾತ್ರ. ಬೆಂಗಳೂರಿನಿಂದ ಓದಲು ಬಂದು, ಕೆಲಸ ಹಿಡಿದು, ಐಎಲ್‌ಆರ್ ಆಗಿ, 33ಕ್ಕೆ ಕೆಲಸ ಕಳೆದುಕೊಂಡ ಹುಡುಗ ತನ್ನ ಒಂಟಿ ಫ್ಲ್ಯಾಟಿನಲ್ಲೇ ಉಳಿದರೂ ಅಷ್ಟೇ. ಪಿಪ್‌ನ (ಅಂಗವೈಕಲ್ಯ, ದೀರ್ಘ ಕಾಯಿಲೆ ಇರುವವರ ನೆರವು) ಡೈಲಿ ಲಿವಿಂಗ್ ಭಾಗ ಬರುವವರಿಗೆ, ಕೇರ್‌ನಿಂದ, ಅಂದರೆ ಸರ್ಕಾರದ ಆರೈಕೆಯಲ್ಲಿ ಬೆಳೆದು, ಹೊರಬಂದ 25ರೊಳಗಿನವರಿಗೆ, ಹೋಮ್‌ಲೆಸ್ ಹಾಸ್ಟೆಲ್‌ನಲ್ಲಿ ಮೂರು ತಿಂಗಳು ಇದ್ದವರಿಗೆ ಇದರಿಂದ ವಿನಾಯಿತಿ ಇದೆ. ವಿನಾಯಿತಿ ತಾನಾಗಿ ಬರುತ್ತದೆ ಅಂತ ಕೂರಬೇಡಿ, ಬಾಯಿಬಿಟ್ಟು ಹೇಳಿ.

ಈಗ ಲೆಕ್ಕ. ನಿಮ್ಮ ರೇಟು ವಾರಕ್ಕೆ 200 ಪೌಂಡ್ ಅಂತಿಟ್ಟುಕೊಳ್ಳಿ. ಅದನ್ನು ನಾಲ್ಕರಿಂದ ಗುಣಿಸಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ: ತಿಂಗಳಿಗೆ 866 ಪೌಂಡ್ 67 ಪೆನ್ಸ್. ಮನೆಯ ಬಾಡಿಗೆ 1,050 ಪೌಂಡ್ ಆದರೆ ಮೇಲಿನ 183 ಪೌಂಡ್ 33 ಪೆನ್ಸ್ ನಿಮ್ಮ ಊಟದ ದುಡ್ಡಿನಿಂದ ಹೋಗಬೇಕು. ಬಾಡಿಗೆ 800 ಇದ್ದರೆ? 800 ಅಷ್ಟೇ ಸಿಗುತ್ತದೆ, ಉಳಿದದ್ದು ನಿಮಗಿಲ್ಲ. ಈ ಲೆಕ್ಕ ಮಾಡಿದ ಮೇಲೆ ಅಗ್ರಿಮೆಂಟಿಗೆ ಸಹಿ ಹಾಕಿ.

ಕೌನ್ಸಿಲ್ ಮನೆ, ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಮನೆ ಕೊಡುವ ಸಂಸ್ಥೆ) ಮನೆಯವರಿಗೆ ಈ ರೇಟಿನ ಗೋಜಿಲ್ಲ. ಬಾಡಿಗೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಆದರೆ ಒಂದು ಬೆಡ್‌ರೂಮ್ ಜಾಸ್ತಿ ಇದ್ದರೆ ನೂರಕ್ಕೆ 14, ಎರಡೋ ಹೆಚ್ಚೋ ಇದ್ದರೆ ನೂರಕ್ಕೆ 25 ಮುರಿದುಕೊಳ್ಳುತ್ತಾರೆ. ಜನ “ಬೆಡ್‌ರೂಮ್ ಟ್ಯಾಕ್ಸ್” ಅನ್ನುವುದು ಇದಕ್ಕೇ. ಪೆನ್ಷನ್ ವಯಸ್ಸಿನವರ ಹೌಸಿಂಗ್ ಬೆನಿಫಿಟ್‌ಗೆ ಇದಿಲ್ಲ.

ಮನೆಯಲ್ಲಿ ತಮ್ಮನೋ, 21 ದಾಟಿದ ಮಗನೋ ಇದ್ದರೆ, ಅವರ ಪಾಲು ಅಂತ ತಿಂಗಳಿಗೆ 90 ಪೌಂಡಿನ ಮೇಲೆ ಕಡಿಯಬಹುದು. ಅವರು ನಿಮಗೆ ನಯಾಪೈಸೆ ಕೊಡುತ್ತಾರೋ ಇಲ್ಲವೋ, ಅದನ್ನು ಯಾರೂ ಕೇಳುವುದಿಲ್ಲ.

ಊರಿನ ಸೈಟು, ಊರಿನ ಎಫ್‌ಡಿ

ನಮ್ಮವರ ಅರ್ಜಿ ಸಿಕ್ಕಿಬೀಳುವುದು ಇಲ್ಲಿ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ನಿಮ್ಮ ಮತ್ತು ಸಂಗಾತಿಯ ಉಳಿತಾಯ 16,000 ಪೌಂಡ್ ಮೀರಿದರೆ ಏನೂ ಸಿಗುವುದಿಲ್ಲ. 6,000ದವರೆಗೆ ಮುಟ್ಟುವುದಿಲ್ಲ. ಅದರ ಮೇಲಿನ ಪ್ರತಿ 250 ಪೌಂಡಿಗೆ ತಿಂಗಳಿಗೆ 4 ಪೌಂಡ್ 35 ಪೆನ್ಸ್ ಕಡಿಯುತ್ತಾರೆ. 10,000 ಇದ್ದರೆ ತಿಂಗಳಿಗೆ 69 ಪೌಂಡ್ 60 ಪೆನ್ಸ್ ಕಡಿಮೆ.

“ಉಳಿತಾಯ” ಅಂದರೆ ಇಲ್ಲಿನ ಬ್ಯಾಂಕಿನದು ಮಾತ್ರ ಅಂದುಕೊಂಡವರು ಬಹಳ ಜನ. ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಎಫ್‌ಡಿ, ಮ್ಯೂಚುಯಲ್ ಫಂಡ್, ಮೈಸೂರಿನಲ್ಲಿ ತೆಗೆದುಕೊಂಡ ಸೈಟು, ಬಾಡಿಗೆಗೆ ಬಿಟ್ಟ ಫ್ಲ್ಯಾಟು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿಡಬಹುದಲ್ಲ ಅಂದರೆ, ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಭಾರತ, ಬ್ರಿಟನ್ ಪರಸ್ಪರ ಹಂಚಿಕೊಳ್ಳುತ್ತವೆ. ಸಿಕ್ಕಿಬಿದ್ದರೆ ಕೊಟ್ಟದ್ದನ್ನೆಲ್ಲ ವಾಪಸ್ ಕೇಳುತ್ತಾರೆ, ಕೇಸೂ ಹಾಕಬಹುದು.

ಆದರೆ ಇದರಲ್ಲೂ ನಿಮ್ಮ ಪರವಾದ ನಿಯಮಗಳಿವೆ, ಅವನ್ನು ಯಾರೂ ಹೇಳುವುದಿಲ್ಲ. ನಿಮ್ಮ ಹೆಸರಿನ ಊರಿನ ಮನೆಯಲ್ಲಿ ಪೆನ್ಷನ್ ವಯಸ್ಸು ದಾಟಿದ ಅಪ್ಪ ಅಮ್ಮ ವಾಸವಾಗಿದ್ದರೆ ಆ ಮನೆಯನ್ನು ಬಿಟ್ಟುಬಿಡಬಹುದು. ಸೈಟು ಮಾರಲು ನಿಜವಾಗಿ ಪ್ರಯತ್ನ ನಡೆದಿದ್ದರೆ ಆರು ತಿಂಗಳು ಅದನ್ನು ಎಣಿಸುವುದಿಲ್ಲ. ಮಾರುಕಟ್ಟೆ ಬೆಲೆಯಲ್ಲಿ ಮಾರಾಟದ ಖರ್ಚಿಗೆಂದು ನೂರಕ್ಕೆ 10 ಕಳೆಯುತ್ತಾರೆ, ಆಸ್ತಿಯ ಮೇಲಿನ ಸಾಲವನ್ನೂ ಕಳೆಯುತ್ತಾರೆ. ಪಿತ್ರಾರ್ಜಿತ ತೋಟದಲ್ಲಿ ಅಣ್ಣತಮ್ಮಂದಿರ ಜೊತೆ ಪಾಲಿದ್ದರೆ ನಿಮ್ಮ ಪಾಲಿನದಷ್ಟೇ ಲೆಕ್ಕ. ಪಹಣಿ, ಖಾತೆ, ವಿಭಾಗಪತ್ರ ಏನಿದೆಯೋ ತರಿಸಿ, ಇಂಗ್ಲಿಷ್ ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಮೈಮೇಲಿನ ಬಂಗಾರ ಸ್ವಂತ ಬಳಕೆಯ ವಸ್ತು, ಅದು ಉಳಿತಾಯ ಅಲ್ಲ. ಬೆನಿಫಿಟ್ ಸಿಗಲಿ ಅಂತಲೇ ದುಡ್ಡು ಕೊಟ್ಟು ಬಂಗಾರ ಮಾಡಿದರೆ ಮಾತ್ರ ಆ ರಕ್ಷಣೆ ಇಲ್ಲ. ಹಾಗೆಯೇ, ಇದಕ್ಕಾಗಿ ತಂಗಿಯ ಹೆಸರಿಗೆ ದುಡ್ಡು ವರ್ಗಾಯಿಸಿದರೂ ಅದು ನಿಮ್ಮದೇ ಅಂತ ಎಣಿಸುತ್ತಾರೆ.

ಅರ್ಜಿ ಹಾಕುವ ದಿನ

ಕೆಲಸ ಹೋಗಿದ್ದರೆ ಬೇಗ ಹಾಕಿ. ಹಿಂದಿನ ತಾರೀಕಿನಿಂದ ಕೊಡಿ ಅಂದರೆ ಒಂದು ತಿಂಗಳಿಗಿಂತ ಹಿಂದೆ ಹೋಗುವುದಿಲ್ಲ, ಅದೂ ಅನಾರೋಗ್ಯದಂಥ ಕೆಲವೇ ಕಾರಣಕ್ಕೆ. ಅರ್ಜಿ ಕೊಟ್ಟ ತಾರೀಕೇ ನಿಮ್ಮ ತಿಂಗಳ ಲೆಕ್ಕದ ಮೊದಲ ದಿನ. ಜೂನ್ 3ಕ್ಕೆ ಕೊಟ್ಟರೆ ಜುಲೈ 2ಕ್ಕೆ ಒಂದು ತಿಂಗಳು ಮುಗಿಯುತ್ತದೆ, ಇನ್ನೊಂದು ವಾರ ಬಿಟ್ಟು ಜುಲೈ 9ರ ಹೊತ್ತಿಗೆ ದುಡ್ಡು. ಐದು ವಾರ ಅನ್ನುವುದು ಇದೇ. ಅಷ್ಟು ದಿನ ತಡೆಯಲು ಆಗದಿದ್ದರೆ ಅಡ್ವಾನ್ಸ್ ಕೇಳಿ. ಬಡ್ಡಿ ಇಲ್ಲ, ಮುಂದಿನ 24 ತಿಂಗಳವರೆಗೆ ಹಂಚಿ ಮುರಿದುಕೊಳ್ಳುತ್ತಾರೆ. ಅದು ಸಾಲ ಅನ್ನುವುದು ನೆನಪಿರಲಿ. ಬೇಕಿದ್ದಷ್ಟು ಮಾತ್ರ ತೆಗೆದುಕೊಳ್ಳಿ.

ಆನ್‌ಲೈನ್ ಖಾತೆಯಲ್ಲಿ “ಜರ್ನಲ್” ಅಂತ ಒಂದಿದೆ. ಏನೇ ಹೇಳುವುದಿದ್ದರೂ ಅಲ್ಲೇ ಬರೆಯಿರಿ. ಫೋನಿನಲ್ಲಿ ಹೇಳಿದ್ದನ್ನೂ “ಇವತ್ತು ಫೋನ್ ಮಾಡಿ ಹೀಗೆ ಹೇಳಿದೆ” ಅಂತ ಜರ್ನಲ್‌ಗೆ ಹಾಕಿ. ನಾನು ಮೇಜಿನ ಆ ಕಡೆ ಕೂತು ಕೆಲಸ ಮಾಡಿದವಳು. ಬರಹದಲ್ಲಿ ಇಲ್ಲದ್ದು ಅಲ್ಲಿ ನಡೆದೇ ಇಲ್ಲ. ಇಂಗ್ಲಿಷ್ ಕಷ್ಟವಾದರೆ ಇಂಟರ್‌ಪ್ರೆಟರ್ ಬೇಕು ಅಂತ ಕೇಳಿ. ಸಿಟಿಜನ್ಸ್ ಅಡ್ವೈಸ್‌ನವರ “ಹೆಲ್ಪ್ ಟು ಕ್ಲೇಮ್” ಸಹಾಯ ಮೊದಲ ದುಡ್ಡು ಬರುವವರೆಗೂ ಉಚಿತ.

ಬಾಡಿಗೆಗೆ ಪುರಾವೆ ಅಂದರೆ ಅಗ್ರಿಮೆಂಟು. ನಮ್ಮ ಹುಡುಗರು ಎಷ್ಟೋ ಜನ ಯಾರದೋ ಮನೆಯ ರೂಮಿನಲ್ಲಿ ಕ್ಯಾಶ್ ಕೊಟ್ಟು ಇರುತ್ತಾರೆ, ಒಂದು ಚೀಟಿಯೂ ಇರುವುದಿಲ್ಲ. ಅಂಥವರು ಲ್ಯಾಂಡ್‌ಲಾರ್ಡ್ ಹತ್ತಿರ ಪತ್ರ ಬರೆಸಿಕೊಳ್ಳಿ: ವಿಳಾಸ, ನಿಮ್ಮ ಹೆಸರು, ಬಾಡಿಗೆ ಎಷ್ಟು, ಅದರಲ್ಲಿ ಕರೆಂಟು ನೀರು ಸೇರಿದೆಯಾ, ಯಾವತ್ತಿನಿಂದ ಇದ್ದೀರಿ, ಅವರ ಫೋನ್ ನಂಬರ್, ಸಹಿ. ಕರೆಂಟು, ನೀರು, ಹೀಟಿಂಗಿನ ಭಾಗ ಕೊಡುವುದಿಲ್ಲ. ಮುಂದಿನ ತಿಂಗಳಿಂದ ಬ್ಯಾಂಕಿನಿಂದಲೇ ಕಟ್ಟಿ. ಅಕ್ಕನ ಮನೆಯಲ್ಲಿ ಅವಳ ಜೊತೆಗೇ ಇದ್ದು ಅವಳಿಗೆ ಬಾಡಿಗೆ ಕೊಡುತ್ತಿದ್ದೇನೆ ಅಂದರೆ ಅದಕ್ಕೆ ಸಿಗುವುದಿಲ್ಲ.

ಅಗ್ರಿಮೆಂಟು ಗಂಡನ ಹೆಸರಲ್ಲಿದೆ, ಅವನು ಬಿಟ್ಟುಹೋಗಿದ್ದಾನೆ, ಬಾಡಿಗೆ ಕಟ್ಟುತ್ತಿಲ್ಲ. ಇಂಥ ಹೆಂಗಸರಿಗೆ “ನಿಮ್ಮ ಹೆಸರಿಲ್ಲ, ಆಗಲ್ಲ” ಅನ್ನುವ ಉತ್ತರ ಸುಮ್ನೆ ಬಂದುಬಿಡುತ್ತದೆ. ಅದು ಸರಿಯಲ್ಲ. ಆ ಮನೆಯಲ್ಲಿ ಉಳಿಯಲು ನೀವು ಬಾಡಿಗೆ ಕಟ್ಟಲೇಬೇಕಾಗಿದ್ದರೆ, ನಿಮ್ಮನ್ನೇ ಬಾಡಿಗೆದಾರರೆಂದು ಪರಿಗಣಿಸಲು ನಿಯಮವಿದೆ. ಜರ್ನಲ್‌ನಲ್ಲಿ ಬರೆಯಿರಿ: ಅವನು ಯಾವತ್ತು ಹೋದ, ಯಾವ ತಿಂಗಳಿಂದ ಬಾಡಿಗೆ ನಿಂತಿದೆ, ನೀವು ಎಷ್ಟು ಕಟ್ಟಿದ್ದೀರಿ.

ಬಂದ ಮೇಲೆ ನಡೆಯುವುದು

ಇಂಗ್ಲೆಂಡ್, ವೇಲ್ಸ್‌ನಲ್ಲಿ ಬಾಡಿಗೆ ದುಡ್ಡು ನಿಮ್ಮ ಖಾತೆಗೇ ಬರುತ್ತದೆ, ಲ್ಯಾಂಡ್‌ಲಾರ್ಡಿಗೆ ನೀವೇ ಕಟ್ಟಬೇಕು. ಕೈಗೆ ಬಂದರೆ ಖರ್ಚಾಗಿಬಿಡುತ್ತದೆ ಅನ್ನುವ ಪರಿಸ್ಥಿತಿ ಇದ್ದರೆ ನೇರ ಅವರಿಗೇ ಕಳಿಸಿ ಅಂತ ಕೇಳಬಹುದು. ಎರಡು ತಿಂಗಳ ಬಾಕಿ ಆದರೆ ಲ್ಯಾಂಡ್‌ಲಾರ್ಡ್ ತಾನೇ ಕೇಳಿಕೊಳ್ಳಬಹುದು. ಉತ್ತರ ಐರ್ಲೆಂಡಿನಲ್ಲಿ ಸಾಮಾನ್ಯವಾಗಿ ನೇರ ಲ್ಯಾಂಡ್‌ಲಾರ್ಡಿಗೆ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಆಯ್ಕೆ ನಿಮಗಿದೆ.

ಮನೆ ಬದಲಿಸಿದರೆ, ಬಾಡಿಗೆ ಏರಿದರೆ ಅದೇ ತಿಂಗಳ ಲೆಕ್ಕ ಮುಗಿಯುವುದರೊಳಗೆ ತಿಳಿಸಿ. ತಿಂಗಳ ಕೊನೆಯ ದಿನ ಬದಲಾದರೂ ಇಡೀ ತಿಂಗಳಿಗೆ ಹೊಸ ಲೆಕ್ಕವೇ ಹಿಡಿಯುತ್ತಾರೆ. ಬಾಡಿಗೆ ಜಾಸ್ತಿಯಾಗಿದ್ದರೆ ನಿಮಗೆ ಲಾಭ, ಕಡಿಮೆ ಬಾಡಿಗೆಯ ಮನೆಗೆ ಹೋದರೆ ನಷ್ಟ. ಆಗುವುದಾದರೆ ಸಾಮಾನು ಸಾಗಿಸುವ ದಿನವನ್ನು ಇದನ್ನು ನೋಡಿ ಇಟ್ಟುಕೊಳ್ಳಿ.

ಮಕ್ಕಳಿರುವ ಮನೆಗೆ ಬೆನಿಫಿಟ್ ಕ್ಯಾಪ್ ಬಡಿಯಬಹುದು. 2023ರ ಏಪ್ರಿಲ್‌ನಲ್ಲಿ ಇಟ್ಟ ಮಿತಿ ಲಂಡನ್ನಿನ ಹೊರಗೆ ಜೋಡಿಗೆ ಅಥವಾ ಮಕ್ಕಳಿರುವವರಿಗೆ ವರ್ಷಕ್ಕೆ 22,020 ಪೌಂಡ್, ಲಂಡನ್ನಿನಲ್ಲಿ 25,323. ರೇಟಿನ ಪ್ರಕಾರ ಬಾಡಿಗೆ ಸಿಗಬೇಕಿದ್ದರೂ ಒಟ್ಟು ಮೊತ್ತವನ್ನು ಅಲ್ಲಿಗೆ ಕತ್ತರಿಸುತ್ತಾರೆ. ನಿಮಗೋ ಸಂಗಾತಿಗೋ ಪಿಪ್ ಅಥವಾ ಕೇರರ್ಸ್ ಅಲೋವೆನ್ಸ್ (ಕಾಯಿಲೆಯವರನ್ನು ನೋಡಿಕೊಳ್ಳುವವರ ಭತ್ಯೆ) ಇದ್ದರೆ ಕ್ಯಾಪ್ ಇಲ್ಲ. ಒಂದು ವರ್ಷ ಚೆನ್ನಾಗಿ ದುಡಿದು ಈಗ ಕೆಲಸ ಹೋಗಿದ್ದರೆ ಒಂಬತ್ತು ತಿಂಗಳು ಕ್ಯಾಪ್ ಹಾಕುವಂತಿಲ್ಲ. ತಾವಾಗಿ ಹಾಕಿಬಿಟ್ಟಿದ್ದರೆ ಕೇಳಿ.

ಬಾಡಿಗೆ ಕಮ್ಮಿ ಬಿದ್ದರೆ ಕೌನ್ಸಿಲ್ ಕಡೆ ತಿರುಗಿ. ಈ ಕೊರತೆ ತುಂಬಲು ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್ ಅಂತ ಇತ್ತು. ಇಂಗ್ಲೆಂಡಿನಲ್ಲಿ 2026ರ ಏಪ್ರಿಲ್‌ನಿಂದ ಅದು ಕ್ರೈಸಿಸ್ ಅಂಡ್ ರೆಸಿಲಿಯೆನ್ಸ್ ಫಂಡಿನೊಳಗೆ ಸೇರಿದೆ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಹಳೆಯ ಹೆಸರೇ. ಕೊಟ್ಟೇ ಕೊಡಬೇಕೆಂದಿಲ್ಲ, ಹಾಗಾಗಿ ಅರ್ಜಿ ಚೆನ್ನಾಗಿರಬೇಕು. ತಿಂಗಳ ಖರ್ಚಿನ ಪಟ್ಟಿ, ಮಕ್ಕಳ ಶಾಲೆ ಯಾಕೆ ಬದಲಿಸಲಾಗದು, ಅಗ್ಗದ ಮನೆ ಎಲ್ಲೆಲ್ಲಿ ಹುಡುಕಿದಿರಿ, ಎಷ್ಟು ತಿಂಗಳು ಸಹಾಯ ಸಿಕ್ಕರೆ ಸುಧಾರಿಸಿಕೊಳ್ಳುತ್ತೀರಿ ಅಂತ ಬರೆಯಿರಿ. “ಬಹಳ ಕಷ್ಟ ಇದೆ” ಅಂತ ಒಂದೇ ಸಾಲು ಬರೆದ ಅರ್ಜಿಗಳು ನನ್ನ ಮೇಜಿನ ಮೇಲೆ ಎಷ್ಟೋ ಬಂದಿದ್ದವು. ಅವಕ್ಕೆ ಹೂಂ ಅನ್ನಲು ನಮಗೆ ಆಧಾರವೇ ಇರುತ್ತಿರಲಿಲ್ಲ. ಹೊಸ ಮನೆಯ ಡೆಪಾಸಿಟ್‌ಗೂ ಇಲ್ಲೇ ಕೇಳಬೇಕು. ಯೂನಿವರ್ಸಲ್ ಕ್ರೆಡಿಟ್‌ನ ಬಾಡಿಗೆ ಭಾಗದಲ್ಲಿ ಡೆಪಾಸಿಟ್ ಇಲ್ಲ.

ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಬೇರೆ ಅರ್ಜಿ. ಯೂನಿವರ್ಸಲ್ ಕ್ರೆಡಿಟ್ ಬಂತು, ಎಲ್ಲ ಆಯಿತು ಅಂತ ಸುಮ್ಮನಾಗುವವರೇ ಜಾಸ್ತಿ. ಅದನ್ನೂ ಅದೇ ವಾರ ಕೌನ್ಸಿಲ್‌ಗೆ ಹಾಕಿ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಆದಾಯ ಎಷ್ಟೇ ಇರಲಿ, ನೂರಕ್ಕೆ 25 ಕಡಿತ ಇದ್ದೇ ಇದೆ.

“ಬೆನಿಫಿಟ್‌ನವರಿಗೆ ಮನೆ ಕೊಡಲ್ಲ” ಅನ್ನುವ ಏಜೆಂಟರು ಇನ್ನೂ ಇದ್ದಾರೆ. ಯಾರ್ಕಿನ ಕೋರ್ಟು 2020ರಲ್ಲೇ ಇಂಥದ್ದು ಕಾನೂನುಬಾಹಿರ ಅಂದಿತ್ತು. ಈಗ ಇಂಗ್ಲೆಂಡಿನಲ್ಲಿ ರೆಂಟರ್ಸ್ ರೈಟ್ಸ್ ಕಾಯ್ದೆಯಿಂದ 2026ರ ಮೇ 1ರಿಂದ ನೇರವಾಗಿಯೇ ನಿಷೇಧ. ಹಾಗಂದವರ ಹತ್ತಿರ ಬರಹದಲ್ಲಿ ಕೇಳಿ. ಮಾತು ಬದಲಾಗುತ್ತದೆ.

ಸ್ವಂತ ಮನೆ, ಮಾರ್ಟ್‌ಗೇಜ್ ಇರುವವರಿಗೆ ಬಾಡಿಗೆ ಸಹಾಯ ಇಲ್ಲ. ಯೂನಿವರ್ಸಲ್ ಕ್ರೆಡಿಟ್ ಮೂರು ತಿಂಗಳು ಬಂದ ಮೇಲೆ 2,00,000 ಪೌಂಡ್‌ವರೆಗಿನ ಸಾಲದ ಬಡ್ಡಿಗೆ ನೆರವು ಕೇಳಬಹುದು. 2018ರಿಂದ ಅದು ಸಾಲವಾಗಿಬಿಟ್ಟಿದೆ. ಮನೆ ಮಾರುವಾಗ ಬಡ್ಡಿ ಸಮೇತ ತೀರಿಸಬೇಕು.

ಊರಿಗೆ ಹೋಗುವಾಗ ತಿಳಿಸಿಯೇ ಹೋಗಿ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ದೇಶದ ಹೊರಗೆ ಒಂದು ತಿಂಗಳು ಮಿತಿ. ಹತ್ತಿರದ ಬಂಧು ತೀರಿಕೊಂಡು, ಆ ತಿಂಗಳೊಳಗೆ ವಾಪಸ್ ಬರುವುದು ನ್ಯಾಯವಾಗಿ ಸಾಧ್ಯವಿಲ್ಲ ಅಂದರೆ ಇನ್ನೊಂದು ತಿಂಗಳು ಸೇರುತ್ತದೆ. ಹೌಸಿಂಗ್ ಬೆನಿಫಿಟ್‌ನ ಹಿರಿಯರಿಗೆ ನಾಲ್ಕು ವಾರ. ಮೂರು ತಿಂಗಳು ಮೊಮ್ಮಕ್ಕಳ ಜೊತೆ ಇದ್ದು ಬರುತ್ತೇವೆ ಅಂತ ಹೊರಡುವ ಅಜ್ಜ ಅಜ್ಜಿಯರು ಇದನ್ನು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಬೇಕು. ತಿಥಿ, ಮದುವೆ ಅಂತ ಕಾರಣ ಕೊಟ್ಟರೆ ಅವಧಿ ಏರುವುದಿಲ್ಲ.

ಯೂನಿವರ್ಸಲ್ ಕ್ರೆಡಿಟ್ ಲೆಕ್ಕ ತಪ್ಪಿದೆ ಅನ್ನಿಸಿದರೆ ನಿರ್ಧಾರದ ತಾರೀಕಿನಿಂದ ಒಂದು ತಿಂಗಳೊಳಗೆ “ಮ್ಯಾಂಡೇಟರಿ ರಿಕನ್ಸಿಡರೇಷನ್” (ನಿರ್ಧಾರವನ್ನು ಮತ್ತೆ ಪರಿಶೀಲಿಸುವುದು) ಕೇಳಿ. ಜರ್ನಲ್‌ನಲ್ಲೇ ಕೇಳಬಹುದು, ಆ ಎರಡು ಪದ ಬಳಸಿ ಕೇಳಿ. ಸುಮ್ನೆ “ಚೆಕ್ ಮಾಡಿ” ಅಂದರೆ ಅದನ್ನು ಬರೀ ಒಂದು ಪ್ರಶ್ನೆ ಅಂತ ತೆಗೆದುಕೊಂಡು ಮುಚ್ಚಿಬಿಡುತ್ತಾರೆ. ಅದರಲ್ಲೂ ಇಲ್ಲ ಅಂದರೆ ಮುಂದೆ ಟ್ರಿಬ್ಯುನಲ್ ಇದೆ, ಅಲ್ಲಿ ಫೀಸಿಲ್ಲ.